ಕುಸುಬಿ ಎಣ್ಣಿಯ ಮೈ

ನಮ್ಮ ಮನೆಯಲ್ಲಿ ಮೈಗೆ ಹಚ್ಚುವ ಎಣ್ಣೆ ಬೇರೆ, ಒಗ್ಗರಣೆಗೆ ಹಾಕುವ ಎಣ್ಣೆ ಬೇರೆ ಎಂದು ಇರಲಿಲ್ಲ. ಒಲೆಯ ಮಗ್ಗುಲಿನ ಮಾಡದಲ್ಲಿ ಒಂದು ಹಿತ್ತಾಳೆ ಗಿಂಡಿ. ಬದನೆಕಾಯಿ ಪಲ್ಯಕ್ಕೂ ಅದೇ, ದೇವರ ಜಗಲಿಯ ದೀಪಕ್ಕೂ ಅದೇ, ಕೂಸಿನ ನೆತ್ತಿಗೂ ಅಪ್ಪನ ಒಡೆದ ಹಿಂಬಡಕ್ಕೂ ಅದೇ. ಕುಸುಬಿ ಎಣ್ಣಿ. ಎಪ್ಪತ್ತರ ದಶಕದ ಜಮಖಂಡಿ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯಿಂದ ಸ್ವಲ್ಪ ಒಳಗಿದ್ದ ನಮ್ಮ ಹಳ್ಳಿಯಲ್ಲಿ ಬರೀ ‘ಎಣ್ಣಿ’ ಅಂದರೆ ಅದೊಂದೇ ಅರ್ಥ. ಶೇಂಗಾ ಎಣ್ಣೆ ಹಬ್ಬದ ಕರಿಗಡಬಿಗೆ. ಕೊಬ್ಬರಿ ಎಣ್ಣೆ ಪೇಟೆಯ ಸಾಮಾನು, ಅದೂ ಲಗ್ನಕ್ಕೆ ಬಂದ ಹುಡುಗಿಯರ ತಲೆಗೆ. ಕಾರ್ತಿಕ ಕಳೆದು ಚಳಿ ಬಿದ್ದರೆ ಕೊಬ್ಬರಿ ಎಣ್ಣೆ ಶೀಶೆಯಲ್ಲೇ ಗಟ್ಟಿಯಾಗಿ ಕೂತುಬಿಡುತ್ತಿತ್ತು. ಬಿಸಿಲಿಗಿಟ್ಟು ಕಾಯುತ್ತ ಕೂಡುವಷ್ಟು ಪುರಸೊತ್ತು ಯಾರಿಗಿತ್ತು? ಕುಸುಬಿ ಎಣ್ಣೆ ನಮ್ಮ ಚಳಿಗೆ ಹೆಪ್ಪುಗಟ್ಟುವುದಿಲ್ಲ. ಮೈ ಒಡೆಯುವ ಕಾಲಕ್ಕೆ ಕೈಗೆ ಸಿಗುವ ಎಣ್ಣೆ ಅದು.

ಆ ಗಿಂಡಿಯನ್ನು ಮುಟ್ಟಿದರೆ ಬೆರಳು ಅಂಟುತ್ತಿತ್ತು. ಬೂದಿ ಹಚ್ಚಿ ಎಷ್ಟು ತಿಕ್ಕಿದರೂ ಹೊರಮೈ ಮೇಲೆ ಕಂದು ಬಣ್ಣದ ತೆಳು ಪೊರೆ; ಉಗುರಿನಿಂದ ಕೆರೆದರೆ ಸುರುಳಿಯಾಗಿ ಏಳುತ್ತಿತ್ತು. ಕೆಲಸವಿಲ್ಲದ ಮಧ್ಯಾಹ್ನ ನಾವು ಹುಡುಗರು ಅದನ್ನೇ ಕೆರೆಯುತ್ತ ಕೂತು ಆಯಿಯ ಕೈಲಿ ಬೈಸಿಕೊಳ್ಳುತ್ತಿದ್ದೆವು. ಕುಸುಬಿ ಎಣ್ಣೆ ಗಾಳಿಗೆ ಒಣಗಿ ಪೊರೆ ಕಟ್ಟುವ ಜಾತಿಯದು. ಅದಕ್ಕೇ ಬಣ್ಣ, ವಾರ್ನಿಷ್ ಮಾಡುವವರೂ ಅದನ್ನು ಬಳಸುತ್ತಾರೆ. ಇನ್ನೂ ಹಿಂದಿನವರು ಬೀಜವನ್ನೇ ಸುಟ್ಟು ಇಳಿಸಿದ ಕಪ್ಪು ಎಣ್ಣೆಯನ್ನು ಬಾವಿಯ ಮಿಣಿಗೆ, ನೀರೆತ್ತುವ ತೊಗಲಿನ ಚೀಲಕ್ಕೆ ಸವರುತ್ತಿದ್ದರು, ನೆನೆದ ತೊಗಲು ಕೊಳೆಯದಿರಲಿ ಎಂದು. ಎತ್ತಿನ ತೊಗಲಿಗೂ ಮನುಷ್ಯರ ತೊಗಲಿಗೂ ಒಂದೇ ಗಿಡ.

ಗಿಡವಾದರೋ ಮುಟ್ಟಿದರೆ ರಕ್ತ ಬರುವಂಥದ್ದು. ಹಿಂಗಾರಿಯಲ್ಲಿ ಎರಿ ಹೊಲಕ್ಕೆ ಬಿಳಿಜೋಳ ಬಿತ್ತುವಾಗ ನಡುನಡುವೆ ಕುಸುಬಿಯ ಅಕ್ಕಡಿ ಸಾಲು, ಹೊಲದ ಅಂಚಿಗೆ ಮತ್ತೆರಡು ಸಾಲು. ಮುಳ್ಳಿಗೆ ಹೆದರಿ ದನ ಒಳಗೆ ನುಗ್ಗುವುದಿಲ್ಲ. ಬೆಳೆಯೂ ಆಯಿತು, ಬೇಲಿಯೂ ಆಯಿತು. ನೀರು ಕೇಳುವುದಿಲ್ಲ, ಎರಿ ಮಣ್ಣಿನ ಆಳದ ಹಸಿಯನ್ನೇ ಬೇರಿನಿಂದ ಹೀರಿಕೊಂಡು ಬೆಳೆಯುತ್ತದೆ. ಎಳೆಯದಿದ್ದಾಗ ಸೊಪ್ಪಿನ ಪಲ್ಯ, ಕಾಳು ಬಂದ ಮೇಲೆ ಹಾಲು ಹಿಂಡಿ ಕುಸುಬಿ ಹುಗ್ಗಿ. ಕೀಳುವುದು ಮಾತ್ರ ನಸುಕಿನಲ್ಲಿ, ಇಬ್ಬನಿಗೆ ಮುಳ್ಳು ಮೆತ್ತಗಿರುವಾಗ. ಹೊತ್ತೇರಿದರೆ ಮುಳ್ಳು ಸೂಜಿಯಾಗುತ್ತದೆ. ಕೈಗೆ ಅರಿವೆ ಸುತ್ತಿಕೊಂಡು ಕಿತ್ತರೂ ಹೆಂಗಸರ ಮುಂಗೈ ತುಂಬ ಕೆಂಪು ಗೀರು. ಸಂಜೆ ಆ ಗೀರಿಗೆ ಸವರುವುದೂ ಅದೇ ಕುಸುಬಿಯ ಎಣ್ಣೆ. ಇದರಲ್ಲಿ ಕಾವ್ಯ ಹುಡುಕುವವರು ಒಮ್ಮೆ ಕುಸುಬಿ ಕಿತ್ತು ಬರಲಿ.

ಬೀಜವನ್ನು ಗಾಣಿಗೇರ ಓಣಿಗೆ ಹೊತ್ತುಕೊಂಡು ಹೋಗುವುದು ನಮ್ಮ ಕೆಲಸ. ಕಟ್ಟಿಗೆಯ ಗಾಣ, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಸುತ್ತುವ ಎತ್ತು. ಬೀಜದ ಮೇಲೆ ಆಗಾಗ ಬಿಸಿನೀರು ಚಿಮುಕಿಸಿ, ಅಂಚಿಗೆ ಏರಿದ್ದನ್ನು ಕೈಯಿಂದ ಒಳಕ್ಕೆ ದೂಡುತ್ತ, ಗಾಣಿಗೇರ ಕಾಕಾ ತಾನೂ ಎತ್ತಿನ ಹಿಂದೆ ಸುತ್ತುತ್ತಿದ್ದ. ಅವನ ಕೈ ಮಾತ್ರ ಊರಿನ ಯಾವ ಗಂಡಸಿಗೂ ಇಲ್ಲದಷ್ಟು ನುಣುಪು. ಸೊಟ್ಟ ಬೆರಳು, ಒಡೆದ ಉಗುರು, ಆದರೆ ಅಂಗೈ ಮಾತ್ರ ಕೂಸಿನದು. ಒಂದು ಬಾರಿಗೆ ಹಾಕಿದ ಬೀಜ ಎಣ್ಣೆ ಬಿಡಲು ಗಂಟೆಗಟ್ಟಲೆ ಹಿಡಿಯುತ್ತಿತ್ತು. ಹಿಂಡಿ ದನಕ್ಕೆ, ಕೂಲಿಗೆ ಬದಲು ಅದರಲ್ಲೇ ಒಂದು ಪಾಲು ಗಾಣಿಗನಿಗೆ. ಸೋಮವಾರ ಎತ್ತು ಹೂಡುವುದಿಲ್ಲ, ಹೀಗಾಗಿ ಸೋಮವಾರ ಗಾಣವೂ ಬಂದ್. ಹನ್ನೆರಡನೆಯ ಶತಮಾನದ ಶರಣರಲ್ಲಿ ಗಾಣದ ಕಣ್ಣಪ್ಪ ಇದ್ದ ಎಂಬುದನ್ನು ಕಾಕಾ ಬಂದವರಿಗೆಲ್ಲ ಹೇಳುತ್ತಿದ್ದ, ಎಣ್ಣೆ ಅಳೆಯುವಾಗ ಮಾತ್ರ ಹೇಳುತ್ತಿದ್ದ. ಅಳತೆ ಕಡಿಮೆ ಬಿತ್ತೆಂದು ಜಗಳ ತೆಗೆಯುವ ಬಾಯಿ ಆ ಹೊತ್ತಿಗೆ ಮುಚ್ಚಬೇಕಲ್ಲ.

ಮೈಗೆ ಹಚ್ಚುವ ಎಣ್ಣೆಯಲ್ಲಿ ಎರಡನೆಯದು ಔಡಲೆಣ್ಣಿ. ಇದಕ್ಕೆ ಗಾಣ ಬೇಡ. ಹಿತ್ತಲಿನ ಔಡಲ ಬೀಜವನ್ನು ಹುರಿದು, ಒರಳಲ್ಲಿ ಕುಟ್ಟಿ, ದೊಡ್ಡ ಪಾತ್ರೆಯ ನೀರಿನಲ್ಲಿ ಹಾಕಿ ಕುದಿಸುತ್ತಿದ್ದರು. ಎಣ್ಣೆ ಮೇಲೆ ಬರುತ್ತದೆ. ಸೌಟಿನಿಂದ ಬಳಿದು ಬಳಿದು ಬೇರೆ ಪಾತ್ರೆಗೆ ಹಾಕಿ, ಉಳಿದ ನೀರು ಚಟಪಟ ಅನ್ನುವುದು ನಿಲ್ಲುವ ತನಕ ಮತ್ತೆ ಕಾಯಿಸಬೇಕು. ಇಡೀ ದಿನದ ಕೆಲಸ, ಓಣಿ ತುಂಬ ವಾಸನೆ. ಆ ದಿನ ಊಟ ಮಾಡಲು ಮನಸ್ಸು ಬರುತ್ತಿರಲಿಲ್ಲ. ಅಂಟಂಟಾದ ಗಟ್ಟಿ ಎಣ್ಣೆ, ಬಾಣಂತಿಯ ನಡುವಿಗೆ, ಮುದುಕರ ಮೊಣಕಾಲಿಗೆ, ನೆತ್ತಿಗೆ. ಹಿಂಬಡ ಬಿರಿದು ರಕ್ತ ಬರುವಷ್ಟಾದರೆ ಎಣ್ಣೆಯಲ್ಲಿ ಜೇನುಮೇಣ ಕರಗಿಸಿ ಬಿರುಕಿನಲ್ಲಿ ತುಂಬಿ ಅರಿವೆ ಕಟ್ಟುತ್ತಿದ್ದರು. ಈಗ ಔಷಧಿ ಅಂಗಡಿಯಲ್ಲಿ ಸಿಗುವ ಹಿಂಬಡದ ಮುಲಾಮುಗಳ ತತ್ವವೂ ಹೆಚ್ಚುಕಡಿಮೆ ಅಷ್ಟೇ: ಜಿಡ್ಡು, ಮೇಣ, ಮುಚ್ಚಿಡುವುದು.

ಎಣ್ಣೆ ಹಚ್ಚಿಕೊಂಡು ಎರಕೊಳ್ಳುವುದು ದಿನದ ಮಾತಲ್ಲ. ಗಂಡಸರಿಗೆ ಒಂದು ವಾರ, ಹೆಂಗಸರಿಗೆ ಒಂದು ವಾರ, ದೀಪಾವಳಿಗೆ ನೀರು ತುಂಬಿದ ಮರುದಿನ ಎಲ್ಲರಿಗೂ. ಲಗ್ನದ ಮನೆಯಲ್ಲಿ ಸುರಗಿ ಸುತ್ತಿ ಅರಿಶಿನ ಎಣ್ಣೆ ಹಚ್ಚಿ ಮದುಮಕ್ಕಳಿಗೆ ನೀರೆರೆಯುತ್ತಾರೆ. ಅರಿಶಿನವೂ ನಮ್ಮ ಕಡೆಯದೇ, ತೇರದಾಳ, ರಬಕವಿ ಸೀಮೆಯ ಹೊಲದ್ದು. ಮುಧೋಳ, ಜಮಖಂಡಿಯ ಗರಡಿ ಮನೆಗಳಲ್ಲಿ ಇನ್ನೊಂದು ಲೆಕ್ಕ: ಸಂಸ್ಥಾನದ ಕಾಲದಿಂದ ಕುಸ್ತಿಯ ಹುಚ್ಚಿನ ಊರುಗಳು, ಪೈಲ್ವಾನರ ಮಾಲೀಸಿಗೆ ಎಣ್ಣೆ ಸಾಲದೆಂದು ಕೆಮ್ಮಣ್ಣಿಗೂ ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದ ಮಾಡುತ್ತಿದ್ದರು. ಕಾರಹುಣ್ಣಿಮೆಗೆ ಎತ್ತುಗಳಿಗೆ ಗೊಟ್ಟದಲ್ಲಿ ಎಣ್ಣೆ, ತತ್ತಿ ಕುಡಿಸಿ, ಕೋಡಿಗೆ ಎಣ್ಣೆ ಸವರುತ್ತಿದ್ದರು. ಎಣ್ಣೆಯ ಖರ್ಚಿನಲ್ಲಿ ಮನೆಯ ಹೆಣ್ಣುಮಕ್ಕಳ ಪಾಳಿ ಎಲ್ಲರದೂ ಮುಗಿದ ಮೇಲೆ. ಗಿಂಡಿಯ ತಳದಲ್ಲಿ ಉಳಿದದ್ದು ಅವ್ವನ ಕಾಲಿಗೆ.

ಬನಹಟ್ಟಿಯಲ್ಲಿ ನನ್ನ ಚಿಗವ್ವನ ಮನೆ. ಅಲ್ಲಿ ಎಣ್ಣೆಯ ಕಾನೂನೇ ಬೇರೆ. ಮನೆಯೊಳಗೇ ಮಗ್ಗ, ನೂಲಿಗೆ ಎಣ್ಣೆಯ ಕೈ ತಾಗಿದರೆ ಕಲೆ, ಕಲೆ ಬಿದ್ದ ಸೀರೆಗೆ ಮಜೂರಿ ಕಡಿತ. ಹೀಗಾಗಿ ಚಿಗವ್ವ ಬೆಳಗಿನ ಹೊತ್ತು ಕೈಗೆ, ಮುಖಕ್ಕೆ ಎಣ್ಣೆ ಮುಟ್ಟಿಸುತ್ತಿರಲಿಲ್ಲ. ಗಂಜಿಯಲ್ಲಿ ನೂಲು ಅದ್ದಿ ಅದ್ದಿ, ಬಣ್ಣದ ನೀರಿನಲ್ಲಿ ಮುಳುಗಿಸಿ ಅವಳ ಬೆರಳ ಸಂದು ಒಡೆದು ಬಿಳಿಚಿರುತ್ತಿದ್ದವು. ಮಗ್ಗ ನಿಂತು, ಊಟವಾಗಿ, ಪಾತ್ರೆ ತೊಳೆದ ಮೇಲೆ ಒಂದು ಬೊಗಸೆಯಷ್ಟೂ ಅಲ್ಲ, ನಾಲ್ಕು ಹನಿ ಎಣ್ಣೆಯನ್ನು ಎರಡೂ ಕೈಗೆ ತಿಕ್ಕಿಕೊಂಡು ಅಂಗೈ ಮೇಲೆ ಮಾಡಿ ಮಲಗುತ್ತಿದ್ದಳು, ಹಾಸಿಗೆಗೆ ಹತ್ತಬಾರದೆಂದು. ನಾನು ಯಾವುದೋ ಸ್ನೋ ತಂದುಕೊಡುತ್ತೇನೆ ಎಂದರೆ, “ಸ್ನೋ ಮಾರಿಗಿ ತಂಗಿ, ಕೈಗಿ ಅಲ್ಲ. ಕೈ ಯಾರು ನೋಡತಾರ?” ಅನ್ನುತ್ತಿದ್ದಳು. ಪಾವರ್‌ಲೂಮ್ ಬಂದ ಮೇಲೆ ಎಣ್ಣೆ ಕೈಯಿಂದ ಮೆಷಿನ್ನಿಗೆ ಹೋಯಿತು, ಕೈಗೆ ಮೆಷಿನ್ನಿನ ಎಣ್ಣೆ ಹತ್ತಿತು. ಅದನ್ನು ತೆಗೆಯಲು ಬಟ್ಟೆ ಸಾಬೂನು. ಆ ಕೈಗಳ ಕತೆ ಮೊದಲಿಗಿಂತ ಚೆನ್ನಾಗಲಿಲ್ಲ.

ಇಷ್ಟೆಲ್ಲ ಯಾಕೆ ಹೋಯಿತು ಎಂದರೆ, ‘ಜನ ಹಳೆಯದನ್ನು ಮರೆತರು’ ಎನ್ನುವ ಉತ್ತರ ಬಾಯಿಗೆ ಸುಲಭವಾಗಿ ಬರುತ್ತದೆ. ನಾನು ಒಪ್ಪುವುದಿಲ್ಲ. ಎಣ್ಣೆ ಮೊದಲು ಹೊಲದಿಂದ ಹೋಯಿತು, ಆಮೇಲೆ ಮೈಯಿಂದ ಹೋಯಿತು. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ರೈತರೇ ದುಡ್ಡು ಕೂಡಿಸಿ, ತಾವೇ ಮಣ್ಣು ಕಲ್ಲು ಹೊತ್ತು ಬ್ಯಾರೇಜು ಕಟ್ಟಿದರು. ಅದರ ಹೆಸರು ಶ್ರಮಬಿಂದು ಸಾಗರ. ಮುಂದೆ ನಿಂತ ಸಿದ್ದು ನ್ಯಾಮಗೌಡರು ಬ್ಯಾರೇಜ್ ಸಿದ್ದು ಎಂದೇ ಹೆಸರಾದರು, ಎರಡು ವರ್ಷದಲ್ಲಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ ಪಾರ್ಲಿಮೆಂಟಿಗೆ ಹೋದರು. ನೀರು ನಿಂತಿತು, ಪಂಪಸೆಟ್ಟು ಕೂತವು, ಕಬ್ಬು ಬಂತು. ಮುಧೋಳ ಸೀಮೆಯಲ್ಲಿ ಘಟಪ್ರಭೆಯ ನೀರಿಗೆ ಕಬ್ಬು ಅದಕ್ಕೂ ಮೊದಲೇ ಕಾಲೂರಿತ್ತು. ಒಂದು ಸಲ ನಾಟಿ ಮಾಡಿದರೆ ಕೂಳೆ ಬರುವ, ಕಾರ್ಖಾನೆಯೇ ಬಂದು ಕಡಿದುಕೊಂಡು ಹೋಗುವ ಬೆಳೆಯ ಮುಂದೆ, ನಸುಕಿನಲ್ಲಿ ಎದ್ದು ಕೈ ಹರಿಸಿಕೊಳ್ಳುವ ಮುಳ್ಳಿನ ಗಿಡ ಯಾರಿಗೆ ಬೇಕು? ಅಕ್ಕಡಿ ಹಾಕಲು ಜೋಳವೇ ಇಲ್ಲ. ಬೀಳಗಿ ಕಡೆ ಇನ್ನೊಂದು ರೀತಿ ಆಯಿತು: ಆಲಮಟ್ಟಿಯ ಹಿನ್ನೀರು 519.6 ಮೀಟರ್ ಮಟ್ಟಕ್ಕೆ ಏರಿದಾಗ ನದಿ ದಂಡೆಯ ಎರಿ ಹೊಲಗಳು ನೀರಿನಡಿ ಹೋದವು. ಊರು ಕಳೆದುಕೊಂಡವರು ಪುನರ್ವಸತಿ ಕೇಂದ್ರಗಳ ನಿವೇಶನಕ್ಕೆ ಬಂದರು. ಅಲ್ಲಿ ಬಿತ್ತಲು ಹೊಲವಿರಲಿಲ್ಲ, ಗಾಣ ಹೂಡಲು ಜಾಗ ಇರಲಿಲ್ಲ.

ಉಳಿದದ್ದನ್ನು ಪೇಟೆ ಮುಗಿಸಿತು. 1994ರಲ್ಲಿ ತಾಳೆ ಎಣ್ಣೆಯ ಆಮದು ಖಾಸಗಿ ವ್ಯಾಪಾರಿಗಳಿಗೆ ಮುಕ್ತವಾಯಿತು. ಗಾಣದವನು ಎಷ್ಟು ಅಗ್ಗಕ್ಕೆ ಕೊಟ್ಟರೂ ಅದಕ್ಕೆ ಸಮ ಬರುವುದು ಸಾಧ್ಯವಿರಲಿಲ್ಲ. 1998ರಲ್ಲಿ ದಿಲ್ಲಿಯಲ್ಲಿ ಸಾಸಿವೆ ಎಣ್ಣೆಗೆ ಆರ್ಜಿಮೋನ್ ಬೀಜದ ಎಣ್ಣೆ ಬೆರೆತು ಜನ ಸತ್ತರು, ಆ ವರ್ಷವೇ ಖಾದ್ಯ ತೈಲವನ್ನು ಪ್ಯಾಕ್ ಮಾಡಿಯೇ ಮಾರಬೇಕೆಂಬ ಆದೇಶ ಹೊರಟಿತು. ಆದೇಶ ತಪ್ಪಲ್ಲ, ಕಲಬೆರಕೆ ನಿಜವೇ. ಆದರೆ ಡಬ್ಬಿಯಿಂದ ಪಾವು ಅಳೆದು ಕೊಡುವ ಓಣಿಯ ಗಾಣಿಗನಿಗೆ ಪ್ಯಾಕು, ಲೇಬಲ್ಲು ಎಲ್ಲಿಂದ ಬರಬೇಕು? ಕಾಕಾನ ಮಕ್ಕಳು ಒಬ್ಬ ಟ್ರ್ಯಾಕ್ಟರಿಗೆ, ಒಬ್ಬ ಸಕ್ಕರೆ ಕಾರ್ಖಾನೆಗೆ ಹೋದರು. ಗಾಣದ ಕಟ್ಟಿಗೆ ಬಹಳ ದಿನ ಅಂಗಳದಲ್ಲಿ ಬಿದ್ದಿತ್ತು, ಆಮೇಲೆ ಒಲೆಗೆ ಹೋಯಿತು. ಎಣ್ಣೆ ಕುಡಿದ ಕಟ್ಟಿಗೆ, ಚೆನ್ನಾಗಿ ಉರಿಯಿತಂತೆ.

ನಾವು ಹೆಣ್ಣುಮಕ್ಕಳೂ ಎಣ್ಣೆಯನ್ನು ಸಂತೋಷದಿಂದಲೇ ಬಿಟ್ಟೆವು ಎಂಬುದನ್ನು ಮುಚ್ಚಿಡಬಾರದು. ಜಮಖಂಡಿಯ ಹೈಸ್ಕೂಲಿಗೆ ಹಳ್ಳಿಯಿಂದ ಹೋದವರ ಮುಖ ಮಿರಿಮಿರಿ ಮಿಂಚಿದರೆ ಪೇಟೆಯ ಹುಡುಗಿಯರು ‘ಎಣ್ಣಿ ಮಾರಿ’ ಅನ್ನುತ್ತಿದ್ದರು. ಪೌಡರು ಎಣ್ಣೆಯ ಮೇಲೆ ನಿಲ್ಲುವುದಿಲ್ಲ, ಕರಿಮಣ್ಣಿನ ಧೂಳು ಮಾತ್ರ ನಿಲ್ಲುತ್ತದೆ. ಎಣ್ಣೆ ಹಚ್ಚಿದರೆ ಕಪ್ಪಾಗುತ್ತಾರೆ ಎಂಬ ಸುದ್ದಿಯನ್ನು ಯಾರು ಹಬ್ಬಿಸಿದರೋ, ಅದೇ ಹೊತ್ತಿಗೆ ಬಿಳಿ ಮಾಡುವ ಟ್ಯೂಬು ಕಿರಾಣಿ ಅಂಗಡಿಗೆ ಬಂತು. ಫೇರ್ ಅಂಡ್ ಲವ್ಲಿ 1975ರದ್ದು. ಹೆಸರಿನಿಂದ ‘ಫೇರ್’ ತೆಗೆಯಲು 2020ರ ತನಕ ಕಾಯಬೇಕಾಯಿತು. ಅತ್ತ ಮೈಸೂರು ಸರ್ಕಾರ 1916ರಲ್ಲೇ ಗಂಧದೆಣ್ಣೆಯ ಕಾರ್ಖಾನೆ ಹಾಕಿ, ಎರಡು ವರ್ಷಕ್ಕೆ ಸಾಬೂನು ತೆಗೆದು ಎಣ್ಣೆಯನ್ನು ಘನತೆಯ ಪದಾರ್ಥ ಮಾಡಿಕೊಂಡಿತ್ತು. ನಾವು ಆಗ ಮೈಸೂರಿನವರಲ್ಲ. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, 1948ಕ್ಕೆ ಮುಂಬಯಿ ಪ್ರಾಂತದ್ದು. ನಮ್ಮ ಕುಸುಬಿಗೆ ಯಾವ ರಾಜರೂ ಸಾಬೂನಿನ ಪೆಟ್ಟಿಗೆ ಮಾಡಿಸಲಿಲ್ಲ.

ಈಗ ನೋಡಿ. ಪುಣೆಯಲ್ಲಿರುವ ನಮ್ಮಣ್ಣನ ಮಗಳು ಒಂದು ಗಾಜಿನ ಬಾಟಲಿಯ ಫೋಟೊ ಕಳಿಸಿದಳು. 30 ಎಂ.ಎಲ್., ಮುಚ್ಚಳಕ್ಕೇ ಹನಿ ಹಾಕುವ ಪಿಚಕಾರಿ. “ಅತ್ತಿ, ಇದು ನಮ್ಮ ಕುಸುಬಿ ಎಣ್ಣೀನ ಹೌದಲ್ಲ?” ಹೌದು, ಅದೇ. ಅವಳು ಅದಕ್ಕೆ ಕೊಟ್ಟ ದುಡ್ಡಿನಲ್ಲಿ ಜಮಖಂಡಿಯ ಗಾಣದ ಅಂಗಡಿಯಲ್ಲಿ ಒಂದು ಲೀಟರ್ ಬರುತ್ತದೆ. ಅಂಗಡಿಗಳು ಈಗ ಮತ್ತೆ ಎದ್ದಿವೆ. ಕಟ್ಟಿಗೆಯದೇ ಗಾಣ, ಎತ್ತಿನ ಬದಲು ಕರೆಂಟಿನ ಮೋಟರು, ಗೋಡೆಯ ಮೇಲೆ ಮಾತ್ರ ಎತ್ತಿನ ಚಿತ್ರ. ಪ್ಯಾಕೆಟ್ ಎಣ್ಣೆಗಿಂತ ರೇಟು ಬಹಳ ಹೆಚ್ಚು. ಕೊಳ್ಳುವವರು ಮೇಷ್ಟ್ರು, ಡಾಕ್ಟರು, ಕಬ್ಬಿನ ಬಿಲ್ಲು ಬಂದ ರೈತರು. ಕಬ್ಬು ಕಡಿಯುವ ಗ್ಯಾಂಗಿನ ಹೆಂಗಸರು, ಗರಿಯ ಅಂಚಿಗೆ ತೋಳೆಲ್ಲ ಗೀಚಿಕೊಂಡವರು, ಹಚ್ಚುವುದು ಅಗ್ಗದ ತಾಳೆ ಎಣ್ಣೆ ಇಲ್ಲವೆ ಸಣ್ಣ ವ್ಯಾಸಲೀನ್ ಡಬ್ಬಿ. ವ್ಯಾಸಲೀನ್ ಗಿಡದ್ದಲ್ಲ, ಪೆಟ್ರೋಲಿಯಂನಿಂದ ಬಂದದ್ದು. ಒಡೆದ ಚರ್ಮಕ್ಕೆ ಅದು ಯಾವ ದುಬಾರಿ ಎಣ್ಣೆಗೂ ಕಡಿಮೆಯಲ್ಲ. ನೈಸರ್ಗಿಕವಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ಹೀಗಳೆಯುವವರ ಜೊತೆ ನನ್ನ ತಕರಾರಿದೆ.

ಆದರೂ ಕುಸುಬಿಯ ಪರವಾಗಿ ಒಂದು ಮಾತು ಹೇಳಲೇಬೇಕು, ಮತ್ತು ಅದು ಅಭಿಮಾನದ ಮಾತಲ್ಲ. ನಮ್ಮ ಹಳೆಯ ತಳಿಗಳ, ಅಣ್ಣಿಗೇರಿಯಿಂದ ಬಂದ ಎ-1ರಂಥವುಗಳ ಎಣ್ಣೆಯಲ್ಲಿ ಶೇ. 70ಕ್ಕೂ ಮಿಕ್ಕಿ ಲಿನೋಲಿಕ್ ಆಮ್ಲ. ಚರ್ಮದ ಹೊರಪದರದಲ್ಲಿ ನೀರು ಆರಿಹೋಗದಂತೆ ತಡೆಯುವ ಕೊಬ್ಬಿಗೆ ಈ ಆಮ್ಲ ಬೇಕು, ಮೈ ಅದನ್ನು ತಾನೇ ತಯಾರಿಸಿಕೊಳ್ಳಲಾರದು. ಆಲಿವ್ ಎಣ್ಣೆಯಲ್ಲಿ ಹೆಚ್ಚಿರುವುದು ಓಲಿಕ್ ಆಮ್ಲ. 2013ರಲ್ಲಿ ಬ್ರಿಟನ್ನಿನ ಸಂಶೋಧಕರು ದೊಡ್ಡವರ ತೋಳಿಗೆ ಎರಡೂ ಬಗೆಯ ಎಣ್ಣೆ ಹಚ್ಚಿಸಿ ನೋಡಿದಾಗ ಆಲಿವ್ ಎಣ್ಣೆ ಚರ್ಮದ ತಡೆಗೋಡೆಯನ್ನು ಸಡಿಲ ಮಾಡಿತು, ಸೂರ್ಯಪಾನದ ಎಣ್ಣೆ ಹಾಗೆ ಮಾಡಲಿಲ್ಲ. ಢಾಕಾದ ಆಸ್ಪತ್ರೆಯಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳ ಮೈಗೆ ಸೂರ್ಯಪಾನದ ಎಣ್ಣೆ ಸವರಿದಾಗ ಸೋಂಕು ಕಡಿಮೆಯಾಯಿತೆಂದು 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಸೂರ್ಯಪಾನವೂ ಕುಸುಬಿಯೂ ಲಿನೋಲಿಕ್ ವಿಷಯದಲ್ಲಿ ಒಂದೇ ದಾರಿಯವು. ಹಾಗಂತ ಕುಸುಬಿಯ ಬಾಟಲಿ ಮೇಲೆ ಬರೆದಿರುವ ಹೊಳಪು, ಯೌವನ, ಕಲೆ ಮಾಯ ಇವೆಲ್ಲ ಇದರಿಂದ ಸಾಬೀತಾಗುವುದಿಲ್ಲ. ಒಣ ಚರ್ಮ ಒಡೆಯದಂತೆ ತಡೆಯುತ್ತದೆ. ಅಷ್ಟೇ, ಅದು ಸಣ್ಣ ಮಾತೂ ಅಲ್ಲ. ಈಗ ಅಡುಗೆಗೆಂದು ಓಲಿಕ್ ಹೆಚ್ಚಿಸಿದ ಕುಸುಬಿ ತಳಿಗಳೂ ಬಂದಿವೆ. ಮೈಗೆ ಹಚ್ಚುವವರು ಲೇಬಲ್ಲಿನಲ್ಲಿ ಅದೊಂದನ್ನು ನೋಡಿಕೊಳ್ಳಬೇಕು.

ಹಳೆಯ ಪದ್ಧತಿಯ ಕೆಲವು ಸಂಗತಿಗಳು ಹೋದದ್ದೇ ಒಳ್ಳೆಯದಾಯಿತು. ಕೂಸಿಗೆ ಎರೆಯುವಾಗ ಆಯಿ ಅದರ ಕಿವಿಗೆ, ಮೂಗಿಗೆ ಎಣ್ಣೆ ಬಿಡುತ್ತಿದ್ದಳು. ಕೂಸು ಉಸಿರುಗಟ್ಟಿ ಕೆಂಪಾದರೆ “ಕಫಾ ಹೊರಗ ಬರಾಕತ್ತೈತಿ” ಎಂದು ಸಮಾಧಾನ. ಆ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಎಂದು ಮಕ್ಕಳ ಡಾಕ್ಟರುಗಳು ಇವತ್ತಿಗೂ ಬಾಯಿ ನೋಯಿಸಿಕೊಂಡು ಹೇಳುತ್ತಾರೆ. ಹಸುಗೂಸಿಗೆ ಹೊಟ್ಟೆ ತೊಳೆಯಲೆಂದು ಔಡಲೆಣ್ಣಿ ನೆಕ್ಕಿಸಿ ಭೇದಿ ಹತ್ತಿಸಿದ ಮನೆಗಳಿವೆ. ಬೇವಿನೆಣ್ಣಿ ಹೊಟ್ಟೆಗೆ ಹೋದರೆ ಎಳೆಯ ಮಕ್ಕಳ ಜೀವಕ್ಕೇ ಸಂಚಕಾರ. ಕಜ್ಜಿಯಾದ ಮಕ್ಕಳಿಗೆಲ್ಲ ನಮ್ಮ ಕಡೆ ಬೇವಿನೆಣ್ಣಿ ಬಳಿದು ಬಿಸಿಲಿಗೆ ನಿಲ್ಲಿಸುತ್ತಿದ್ದರು, ವಾಸನೆಗೆ ಯಾರೂ ಹತ್ತಿರ ಬರುತ್ತಿರಲಿಲ್ಲವಾದ್ದರಿಂದ ಹರಡುವುದು ಸ್ವಲ್ಪ ತಗ್ಗಿರಬಹುದು! ಕಜ್ಜಿ ಹುಳದಿಂದ ಬರುವುದು; ಮನೆಮಂದಿಗೆಲ್ಲ ಒಂದೇ ರಾತ್ರಿ ಔಷಧ ಹಚ್ಚಿ, ಹಾಸಿಗೆ ಅರಿವೆ ಬಿಸಿನೀರಲ್ಲಿ ಒಗೆದರೆ ಹೋಗುತ್ತದೆ. ಸರ್ಕಾರಿ ಆಸ್ಪತ್ರೆಯಿಂದ ಬಿಳಿ ಔಷಧದ ಶೀಶೆ ಬಂದ ಮೇಲೆಯೇ ನಮ್ಮ ಓಣಿಯಲ್ಲಿ ತುರಿಕೆ ನಿಂತದ್ದು. ಮೊಡವೆ ಏಳುವ ವಯಸ್ಸಿನ ಹುಡುಗ ಹುಡುಗಿಯರ ಮುಖಕ್ಕೆ ಔಡಲ, ಕೊಬ್ಬರಿ ಯಾವುದನ್ನೂ ಬಳಿಯಬೇಕಾಗಿಲ್ಲ.

ಹೋದ ಚಳಿಗಾಲದಲ್ಲಿ ಜಮಖಂಡಿಯ ಗಾಣದ ಅಂಗಡಿಯಲ್ಲಿ ನಿಂತು, ಬೀಜ ಯಾವ ಊರಿನದು ಎಂದು ಕೇಳಿದೆ. ಹುಡುಗ ಗಾಣಿಗರವನೂ ಅಲ್ಲ, ಬಿ.ಕಾಂ. ಓದಿದವನು. “ನಮ್ಮ ಕಡೆ ಎಲ್ಲಿ ಐತ್ರಿ ಅಕ್ಕಾರ, ಕಲಬುರ್ಗಿ ಕಡಿಂದ ತರಸ್ತೀವಿ” ಅಂದ. ಬೀಳಗಿ ತಾಲೂಕಿನ ಒಣ ಹೊಲದವರೊಬ್ಬರು ಚೀಲ ಎರಡು ಚೀಲ ತರುತ್ತಾರಂತೆ, ಅದು ಅವರ ಮನೆಗೇ ಸರಿಹೋಗುತ್ತದಂತೆ. ಮುಳ್ಳಿಲ್ಲದ ತಳಿಗಳು ಈಗ ಸಿಗುತ್ತವೆ, ಕೈ ಹರಿಯುವ ಭಯವೂ ಇಲ್ಲ. ನೀರು ಹತ್ತದ ಒಂದು ಮೂಲೆ ಯಾರ ಹೊಲದಲ್ಲಾದರೂ ಉಳಿದಿದ್ದರೆ ಹಿಂಗಾರಿಗೆ ನಾಲ್ಕು ಸಾಲು ಹಾಕಿ ನೋಡಬಹುದು. ಕೊಳ್ಳುವವರು ಕಾಲು ಲೀಟರಿಗಿಂತ ಹೆಚ್ಚು ಕೊಳ್ಳಬೇಡಿ, ಗಾಣದ ಕುಸುಬಿ ಎಣ್ಣೆ ಬೇಗ ಕೆಡುತ್ತದೆ. ಸ್ನಾನವಾದ ಮೇಲೆ ಮೈ ಇನ್ನೂ ಹಸಿಯಿರುವಾಗಲೇ ನಾಲ್ಕು ಹನಿ ಸಾಕು. ಮೊದಲು ಮೂಗಿಗೆ ಹಿಡಿದು ನೋಡಿ: ಕಮಟು ವಾಸನೆ ಬಂದರೆ ಮೈಗೂ ಬೇಡ, ಒಗ್ಗರಣೆಗೂ ಬೇಡ, ದೀಪಕ್ಕೆ ಹಾಕಿ.